ಶಾಲೆಯ ಗ್ರಂಥಾಲಯವೂ ಬೀರುವಿನ ಬೀಗವೂ

ಊರಿಗೊಂದು ದೇವಸ್ಥಾನವಿರುವಂತೆ ಶಾಲೆಗೊಂದು ಗ್ರಂಥಾಲಯವಿರಬೇಕೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ದೇವಸ್ಥಾನದ ಬಾಗಿಲು ದಿನಕ್ಕೆರಡು ಬಾರಿಯಾದರೂ ತೆರೆಯುತ್ತದೆ. ಎಷ್ಟೋ ಪ್ರೌಢಶಾಲೆಗಳಲ್ಲಿ ಪುಸ್ತಕದ ಬೀರು ತೆರೆಯುವುದು ತನಿಖೆಯ ದಿನ ಮಾತ್ರ. ಇದೇನೂ ಹೊಸ ದೂರಲ್ಲ. ಡಾ. ಲಕ್ಷ್ಮಣಸ್ವಾಮಿ ಮೊದಲಿಯಾರರ ಅಧ್ಯಕ್ಷತೆಯಲ್ಲಿ 1952-53ರಲ್ಲಿ ಕೆಲಸ ಮಾಡಿದ ಮಾಧ್ಯಮಿಕ ಶಿಕ್ಷಣ ಆಯೋಗವು, ಹೆಚ್ಚಿನ ಶಾಲೆಗಳಲ್ಲಿ ಹೆಸರಿಗೆ ತಕ್ಕ ಗ್ರಂಥಾಲಯವೇ ಇಲ್ಲವೆಂದೂ, ಇದ್ದುದನ್ನು ಗುಮಾಸ್ತರೋ ಆಸಕ್ತಿಯಿಲ್ಲದ ಉಪಾಧ್ಯಾಯರೋ ಬಿಡುವಿನಲ್ಲಿ ನೋಡಿಕೊಳ್ಳುತ್ತಾರೆಂದೂ ಹೇಳಿತ್ತು.

ಕಳೆದ ವರ್ಷ ವಿಜಯನಗರದ ಕಡೆಯ ಪ್ರೌಢಶಾಲೆಯೊಂದಕ್ಕೆ ಹೊಸದಾಗಿ ಬಂದ ಗ್ರಂಥಪಾಲಕರೊಬ್ಬರಿಗೆ ಶನಿವಾರಗಳಂದು ಕೈಲಾದ ನೆರವು ನೀಡುವ ಅವಕಾಶ ನನಗೆ ಒದಗಿತು. ಗುಡಿಸಿ ಒರೆಸುವುದರಿಂದ ಹಿಡಿದು ಪುಸ್ತಕ ಆರಿಸುವವರೆಗೆ ಎಲ್ಲಕ್ಕೂ ಅವರೊಬ್ಬರೇ. ಅಲ್ಲಿ ಕಂಡುದನ್ನೂ ಆ ನಿಮಿತ್ತ ಓದಿದುದನ್ನೂ ಸಹಪಾಠಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲ ಪ್ರಶ್ನೆ ಬೀಗದ್ದು. ಬೀಗ ಹಾಕುವವರು ದುಷ್ಟರಲ್ಲ, ಹೆದರಿದವರು. ಪುಸ್ತಕ ಕಳೆದರೆ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆಂಬ ಭಯ ಅವರಿಗೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಇದಕ್ಕೊಂದು ಪರಿಹಾರವಿದೆ. ವರ್ಷದಲ್ಲಿ ಓದಲು ಕೊಟ್ಟ ಪ್ರತಿ 1000 ಸಂಪುಟಗಳಿಗೆ 5 ನಷ್ಟವಾದರೆ, ಅಪ್ರಾಮಾಣಿಕತೆಯಾಗಲಿ ನಿರ್ಲಕ್ಷ್ಯವಾಗಲಿ ಇಲ್ಲದಿದ್ದಲ್ಲಿ, ಅದು ಸಹಜವೆಂದು ಅಲ್ಲಿ ಒಪ್ಪಲಾಗಿದೆ. ಆದರೆ 1000 ರೂಪಾಯಿ ಮೀರಿದ ಬೆಲೆಯ ಪುಸ್ತಕವಾದರೆ ವಿಚಾರಣೆ ಆಗಲೇಬೇಕು. ಈ ನಿಯಮ ಎಲ್ಲ ಶಾಲೆಗಳನ್ನೂ ಕಟ್ಟುವುದಿಲ್ಲ, ನಿಜ. ಆದರೂ ಮುಖ್ಯೋಪಾಧ್ಯಾಯರು ಇದನ್ನು ಅಳತೆಗೋಲಾಗಿ ಒಪ್ಪಿಕೊಳ್ಳುವುದಕ್ಕೆ ಅಡ್ಡಿಯೇನಿದೆ? ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದುಂಟು. ಲೆಕ್ಕ ಹಿಡಿದಿರುವುದು ಬೀರುವಿನಲ್ಲಿರುವ ಪುಸ್ತಕಗಳ ಮೇಲಲ್ಲ, ಕೈಗೆ ಕೊಟ್ಟ ಪುಸ್ತಕಗಳ ಮೇಲೆ. ಬೀಗ ಹಾಕಿ ಕೂತವರಿಗೆ ಈ ರಿಯಾಯಿತಿಯೂ ದಕ್ಕದು!

ಪುಸ್ತಕವಿರುವುದು ಉಪಯೋಗಕ್ಕೆಂಬುದನ್ನೇ ತಮ್ಮ ಪಂಚಸೂತ್ರಗಳಲ್ಲಿ ಮೊದಲನೆಯದಾಗಿಟ್ಟವರು ಡಾ. ಎಸ್.ಆರ್. ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಆ ಒಂಟಿತನ ಸಹಿಸದೆ ಮತ್ತೆ ಪಾಠಕ್ಕೇ ಹೋಗುತ್ತೇನೆಂದು ಮೊದಮೊದಲು ಹಟ ಹಿಡಿದರಂತೆ. ಒಬ್ಬರೇ ಇರುವ ಗ್ರಂಥಪಾಲಕರಿಗೆ ಇದಕ್ಕಿಂತ ಸಮಾಧಾನದ ಕಥೆ ಬೇರೆ ಬೇಕೆ? ಸೂತ್ರಗಳ ಗ್ರಂಥ ಹೊರಬಂದುದು 1931ರಲ್ಲಿ. ಹಿಂದೆ ಯೂರೋಪಿನಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಬಿಗಿಯುತ್ತಿದ್ದ ಸಂಗತಿಯನ್ನು ಅವರು ಅದರಲ್ಲಿ ವಿವರಿಸುತ್ತಾರೆ. ಈ ಮಹನೀಯರು ಕಡೆಯ ವರ್ಷಗಳನ್ನು ಕಳೆದುದು ನಮ್ಮ ಬೆಂಗಳೂರಿನಲ್ಲೇ. 1962ರಲ್ಲಿ ಅವರು ಇಲ್ಲಿ ಸ್ಥಾಪಿಸಿದ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವು ಈಗ ಮೈಸೂರು ರಸ್ತೆಯಲ್ಲಿ, ಕೆಂಗೇರಿಗೆ ಈಚೆಯೇ, ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆವರಣದಲ್ಲಿದೆ. ಅದರ ಎದುರಿನ ರಸ್ತೆಯಲ್ಲಿ ದಿನವೂ ಬಸ್ಸಿನಲ್ಲಿ ಓಡಾಡುವ ನಮ್ಮಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

ಬೀಗ ತೆಗೆದ ಮೇಲೆ ಜೋಡಣೆಯ ತೊಡಕು. ಮೆಲ್ವಿಲ್ ಡ್ಯೂಯಿಯವರ ದಶಮಾಂಶ ಪದ್ಧತಿಯಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ 820 ಎಂದರೆ ಮುಗಿಯಿತು. ಕನ್ನಡ ಸಾಹಿತ್ಯಕ್ಕೆ 894.814 ಎಂದು ಬರೆಯಬೇಕು. ಮಕ್ಕಳ ಪುಸ್ತಕದ ತೆಳ್ಳನೆಯ ಬೆನ್ನಿನ ಮೇಲೆ ಇದು ಹಿಡಿಸುವುದೂ ಇಲ್ಲ, ಕನ್ನಡ ಶಾಲೆಯ ಅರ್ಧಕ್ಕರ್ಧ ಪುಸ್ತಕಗಳಿಗೆ ಇದೇ ಅಂಕೆಯಾದುದರಿಂದ ಪ್ರಯೋಜನವೂ ಅಷ್ಟಕ್ಕಷ್ಟೆ. ಕಥೆ, ಪದ್ಯ, ನಾಟಕ, ಜೀವನಚರಿತ್ರೆ, ವಿಜ್ಞಾನ ಎಂದು ವಿಂಗಡಿಸಿ ಒಂದೊಂದಕ್ಕೆ ಒಂದೊಂದು ಬಣ್ಣದ ಚೀಟಿ ಅಂಟಿಸಿ, ಒಳಗೆ ಲೇಖಕರ ಹೆಸರಿನ ಅಕಾರಾದಿಯಲ್ಲಿ ಇಡುವುದೇ ಲೇಸೆಂದು ನನ್ನ ಅಭಿಪ್ರಾಯ.

ಆದರೆ ಅಕಾರಾದಿಯೂ ಸುಲಭವಲ್ಲ. ನಮ್ಮ ಹೆಸರುಗಳು ಒಂದೇ ಅಚ್ಚಿನವಲ್ಲವಷ್ಟೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರಲ್ಲಿ ಮೊದಲು ಬರುವುದು ಊರು. ಅವರ ಕಾವ್ಯನಾಮವೋ ಶ್ರೀನಿವಾಸ. ಶಿವರಾಮ ಕಾರಂತರಲ್ಲಿ ಕೊನೆಯದು ಮನೆತನ. ಎಸ್.ಎಲ್. ಭೈರಪ್ಪನವರ ಮೊದಲಕ್ಷರಗಳು ಊರು ಮತ್ತು ತಂದೆಯವು. ಪುಟ್ಟಪ್ಪನವರನ್ನು 'ಪ'ದಲ್ಲಿಟ್ಟರೆ ಕುವೆಂಪು ಬೇಕೆಂದು ಬಂದ ಹುಡುಗಿ ಬರಿಗೈಯಲ್ಲಿ ಹಿಂದಿರುಗುತ್ತಾಳೆ. ಆ ಗ್ರಂಥಪಾಲಕರು ಕಂಡುಕೊಂಡ ದಾರಿ ಸರಳವಾಗಿತ್ತು. ಪಠ್ಯಪುಸ್ತಕದಲ್ಲಿ ಮಕ್ಕಳು ಯಾವ ಹೆಸರು ಓದಿರುತ್ತಾರೋ ಆ ಅಕ್ಷರದಲ್ಲೇ ಪುಸ್ತಕ. ಉಳಿದ ಹೆಸರುಗಳ ಜಾಗದಲ್ಲಿ 'ಅಲ್ಲಿ ನೋಡಿ' ಎಂಬ ರಟ್ಟಿನ ಚೀಟಿ.

ಇನ್ನು ಕೊಡುವುದು. ತರಗತಿಯಲ್ಲಿ 60 ಮಕ್ಕಳು, ಅವಧಿ 40 ನಿಮಿಷ. ಒಬ್ಬೊಬ್ಬರ ಹೆಸರನ್ನು ಲೆಡ್ಜರಿನಲ್ಲಿ ಬರೆಯಲು ಒಂದು ನಿಮಿಷವೆಂದರೂ 20 ಮಕ್ಕಳು ಬಾಗಿಲಲ್ಲೇ ಉಳಿಯುತ್ತಾರೆ. ಅದಕ್ಕೆ ಬದಲು ಪ್ರತಿ ಪುಸ್ತಕದ ಹಿಂಬದಿಗೆ ಕಾಗದದ ಜೇಬು ಅಂಟಿಸಿ ಅದರಲ್ಲೊಂದು ಕಾರ್ಡು ಇಡಬೇಕು. ಒಯ್ಯುವ ಮಗುವೇ ತನ್ನ ಹೆಸರು, ತರಗತಿ, ತಾರೀಖು ಬರೆದುಕೊಟ್ಟು ಹೋಗುತ್ತದೆ. ಕಾರ್ಡುಗಳನ್ನು ತಾರೀಖಿನಂತೆ ಬೂಟಿನ ಡಬ್ಬಿಯೊಂದರಲ್ಲಿ ನಿಲ್ಲಿಸಿದರಾಯಿತು. ಗಣಕಯಂತ್ರವಿರುವ ಶಾಲೆಗೆ ಕೋಹಾದಂಥ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಆದರೆ ಅದಿಲ್ಲವೆಂಬುದು ಪುಸ್ತಕ ಕೊಡದಿರಲು ಕಾರಣವಾಗಬಾರದು.

ಹಂಪಿನಗರದಲ್ಲಿ ದೊಡ್ಡ ಸಾರ್ವಜನಿಕ ಗ್ರಂಥಾಲಯವಿದೆಯಲ್ಲ, ಶಾಲೆಗೇಕೆ ಬೇರೆ ಎಂದು ಕೇಳುವವರುಂಟು. 1965ರ ಕಾಯಿದೆಯಂತೆ ಆಸ್ತಿ ತೆರಿಗೆಯ ಜೊತೆ ವಸೂಲಾಗುವ ಗ್ರಂಥಾಲಯ ಕರ ಅಂಥವುಗಳನ್ನು ನಡೆಸುತ್ತದೆ. ಶಾಲೆಯ ಬೀರುವಿಗೆ ಆ ಹಣ ಬಾರದು. ಆದರೆ ತಂದೆ ಕಾರ್ಖಾನೆಗೆ, ತಾಯಿ ಗಾರ್ಮೆಂಟ್ಸಿಗೆ ಹೋಗುವ ಮನೆಯ ಮಗುವನ್ನು ಅಲ್ಲಿಗೆ ಕರೆದೊಯ್ಯುವವರು ಯಾರು? ಗೋಡೆಯ ಕ್ಯಾಲೆಂಡರ್ ಬಿಟ್ಟರೆ ಓದಲು ಬೇರೇನೂ ಇಲ್ಲದ ಮನೆಗಳಿವೆ. ನನ್ನದೂ ಅಂಥದೇ. ಅಂಥ ಮನೆಗೆ ಪಠ್ಯವಲ್ಲದ ಪುಸ್ತಕವೊಂದು ಬರುವುದಾದರೆ ಶಾಲೆಯ ಚೀಲದಲ್ಲೇ ಬರಬೇಕು. ಬಂದರೆ ಅದನ್ನು ಓದುವುದು ಮಗುವೊಂದೇ ಅಲ್ಲ. ರಾತ್ರಿ ಊಟವಾದ ಮೇಲೆ ತಾಯಿಯೂ ಕೂತು ಕೇಳುತ್ತಾಳೆ.

ಒಬ್ಬರಿಂದ ಇಷ್ಟೆಲ್ಲ ಸಾಧ್ಯವೇ ಎಂದರೆ, ಇಲ್ಲ. ಮಕ್ಕಳಲ್ಲೇ ನಾಲ್ವರನ್ನು ಜೊತೆಗೆ ಸೇರಿಸಿಕೊಳ್ಳಬೇಕು. ಹತ್ತನೆಯ ತರಗತಿಯವರು ಬೇಡ. ಡಿಸೆಂಬರ್ ಬಂತೆಂದರೆ ಅವರು ಪರೀಕ್ಷೆಯ ಪಾಲು. ಎಂಟನೆಯವರಾದರೆ ಎರಡು ವರ್ಷವಾದರೂ ನಿಶ್ಚಿಂತೆಯಾಗಿ ಸಿಗುತ್ತಾರೆ, ಬೀರುವಿನ ಮೇಲಿನ ಹಲಗೆಗೆ ಕೈ ಎಟುಕದಿದ್ದರೂ.