ಭಾನುವಾರ ಮಿಕ್ಸಿ ಹಾಕಬೇಡಿ

ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಹುಡುಗರು ಓದಲಿಕ್ಕೋ ಕೆಲಸಕ್ಕೋ ಜರ್ಮನಿಗೆ ಹೊರಟರೆ ಯಾರಿಂದಲೋ ನಂಬರ್ ಪಡೆದು ನನಗೆ ಫೋನ್ ಮಾಡುತ್ತಾರೆ. ಕುಕ್ಕರ್ ತರಬೇಕಾ ಅಣ್ಣ, ಜಾಕೆಟ್ ಅಲ್ಲೇ ತಗೋಬಹುದಾ, ರಾಗಿ ಹಿಟ್ಟು ಸಿಗುತ್ತಾ? ಇವಕ್ಕೆಲ್ಲ ಉತ್ತರ ಸುಲಭ. ಸ್ಟುಟ್‌ಗಾರ್ಟ್‌ನಲ್ಲಿ ನಾನು ಪೆಟ್ಟು ತಿಂದದ್ದೆಲ್ಲ ಬೇರೆ ಕಡೆ. ಯಾವುದು ಕಾನೂನು, ಯಾವುದು ಬರೀ ರೂಢಿ ಅನ್ನುವುದೇ ನನಗೆ ತಿಳಿಯುತ್ತಿರಲಿಲ್ಲ. ಕಾನೂನು ಮುರಿದರೆ ದಂಡ ಕಟ್ಟಿ ಕೈತೊಳೆದುಕೊಳ್ಳಬಹುದು. ರೂಢಿ ಮುರಿದರೆ ದಂಡವಿಲ್ಲ, ಆದ್ದರಿಂದ ಅದು ಬೇಗ ಮುಗಿಯುವುದೂ ಇಲ್ಲ.

1. ಭಾನುವಾರ ಮಿಕ್ಸಿ ಹಾಕಬೇಡಿ.

ಊರಿಂದ ತಂದ ಶೇಂಗಾ ಹುರಿದು, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಚಟ್ನಿಪುಡಿ ಮಾಡಲು ನನಗೆ ಬಿಡುವಿದ್ದದ್ದು ಭಾನುವಾರ ಬೆಳಿಗ್ಗೆ. ಸಂಜೆ ಬಾಗಿಲ ಮೇಲೆ ಒಂದು ಚೀಟಿ. ಮುದ್ದಾದ ಕೈಬರಹ, ತುಂಬಾ ಮರ್ಯಾದೆಯ ಭಾಷೆ, ದಯವಿಟ್ಟು ಇಂದು ಸದ್ದು ಬೇಡ ಎಂದು. ಕೆಳಗಿನ ಮನೆಯ ಅಜ್ಜಿಗೆ ಸಿಡುಕು ಅಂದುಕೊಂಡೆ. ಮುಂದಿನ ವಾರ ಮಿಕ್ಸಿಗೆ ಟವೆಲ್ ಸುತ್ತಿ ತಿರುಗಿಸಿದೆ. ಮತ್ತೊಂದು ಚೀಟಿ ಬಂತು, ಈ ಸಲ ಮರ್ಯಾದೆ ಸ್ವಲ್ಪ ಕಮ್ಮಿ. ಆಫೀಸಿನಲ್ಲಿ ಈ ಪುರಾಣ ಹೇಳಿ ನಗಿಸಲು ಹೋದರೆ ಯಾರೂ ನಗಲಿಲ್ಲ. ಭಾನುವಾರದ ವಿಶ್ರಾಂತಿಗೆ ರಕ್ಷಣೆ ಕೊಡುವ ಮಾತು 1919ರ ವೈಮರ್ ಸಂವಿಧಾನದಲ್ಲೇ ಇತ್ತಂತೆ, 1949ರ ಸಂವಿಧಾನ ಅದನ್ನು ಹಾಗೇ ಉಳಿಸಿಕೊಂಡಿದೆಯಂತೆ. ನಾನು ಸಂವಿಧಾನದ ಎದುರು ಚಟ್ನಿಪುಡಿ ಮಾಡುತ್ತಿದ್ದೆ. ಆವತ್ತು ಅಂಗಡಿಗಳು ಮುಚ್ಚಿರುತ್ತವೆ, ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ, ಖಾಲಿ ಗಾಜಿನ ಬಾಟಲಿಯನ್ನು ಬೀದಿಯ ತೊಟ್ಟಿಗೆ ಎಸೆಯುವ ಹಾಗೂ ಇಲ್ಲ. ಹಾಲು, ಮೊಸರು ಶನಿವಾರವೇ ತಂದಿಟ್ಟುಕೊಳ್ಳಿ.

2. ಸರದಿ ಬಂದರೆ, ಕಸ ಇಲ್ಲದಿದ್ದರೂ ಗುಡಿಸಿ.

ಸ್ಟುಟ್‌ಗಾರ್ಟ್ ಇರುವ ಶ್ವಾಬಿಯಾ ಸೀಮೆಯಲ್ಲಿ ‘ಕೇರ್‌ವೋಖೆ’ ಅಂತ ಒಂದಿದೆ. ಒಂದೇ ಕಟ್ಟಡದ ಮನೆಗಳವರು ವಾರಕ್ಕೊಬ್ಬರಂತೆ ಮೆಟ್ಟಿಲು, ಅಂಗಳ, ಮುಂದಿನ ಕಾಲುದಾರಿ ಗುಡಿಸಿ ಒರೆಸಬೇಕು. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಪುಟ್ಟ ಹಲಗೆ ಬಂದು ನೇತಾಡುತ್ತದೆ. ನನ್ನ ಬಾಗಿಲಿಗೆ ಮೊದಲ ಸಲ ಬಂದಾಗ ಅಲಂಕಾರಕ್ಕೆ ಯಾರೋ ಉಡುಗೊರೆ ಕೊಟ್ಟಿದ್ದಾರೆ ಎಂದು ಒಳಗೆ ತಂದು ಟಿವಿ ಪಕ್ಕ ಇಟ್ಟೆ. ಇಡೀ ಕಟ್ಟಡದ ಸರದಿ ಅಲ್ಲಿಗೆ ನಿಂತಿತು.

ವಿಷಯ ತಿಳಿದ ಮೇಲೆ ಮೆಟ್ಟಿಲು ನೋಡಿದೆ. ಎಲ್ಲಿದೆ ಕಸ? ನಮ್ಮ ಕಡೆ ಒಂದು ಗಾಳಿ ಬೀಸಿದರೆ ಮನೆಯೊಳಗೆ ಬರುವಷ್ಟು ಧೂಳು ಇಲ್ಲಿ ವರ್ಷಕ್ಕೂ ಕಾಣದು. ಗುಡಿಸಿದ ಹಾಗೆ ಮಾಡಿ ಹಲಗೆಯನ್ನು ಪಕ್ಕದ ಬಾಗಿಲಿಗೆ ದಾಟಿಸಿದೆ. ಕೆಳಗಿನ ಮನೆ ಅಜ್ಜಿ ಕರೆದು, ಕೈಪಿಡಿಯ ಕೆಳಬದಿಗೆ ಬೆರಳು ಎಳೆದು, ಬೆರಳನ್ನು ನನ್ನ ಮುಖದ ಮುಂದೆ ಹಿಡಿದರು. ಮಾತಿಲ್ಲ. ಆಮೇಲೆ ಅವರೇ ಬಕೆಟ್ ತಂದು, ಬಟ್ಟೆ ಹಿಂಡುವುದರಿಂದ ಹಿಡಿದು ಎಲ್ಲ ತೋರಿಸಿಕೊಟ್ಟರು. ಚಳ್ಳಕೆರೆಯಲ್ಲಿ ನಮ್ಮಮ್ಮ ಕಸ ಇದೆಯೋ ಇಲ್ಲವೋ ನೋಡದೆ ದಿನಾ ನಸುಕಿನಲ್ಲಿ ಬಾಗಿಲು ಗುಡಿಸಿ, ನೀರು ಹಾಕಿ, ರಂಗೋಲಿ ಬಿಡುತ್ತಿದ್ದಳು. ನಾನು ಹೊದ್ದು ಮಲಗಿರುತ್ತಿದ್ದೆ. ಗಂಡುಮಗ ಪೊರಕೆ ಹಿಡಿದದ್ದು ವಿಮಾನ ಹತ್ತಿ ಬಂದ ಮೇಲೆ.

ಈ ಪದ್ಧತಿಯ ಬೇರು ಕೌಂಟ್ ಎಬರ್‌ಹಾರ್ಡನ 1492ರ ನಗರ ಕಟ್ಟಳೆಯಲ್ಲಿದೆ ಎನ್ನುತ್ತಾರೆ. ಹತ್ತಿರದ ಟ್ಯೂಬಿಂಗೆನ್ ವಿಶ್ವವಿದ್ಯಾಲಯವನ್ನು 1477ರಲ್ಲಿ ಸ್ಥಾಪಿಸಿದವನೂ ಅವನೇ. ನಮ್ಮ ನಿಘಂಟಿನ ಕಿಟೆಲ್ಲರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದು ಅದೇ ವಿಶ್ವವಿದ್ಯಾಲಯ. ಆ ಲೆಕ್ಕಕ್ಕೆ ಕನ್ನಡಿಗನಾಗಿ ಮೆಟ್ಟಿಲು ಒರೆಸುವುದರಲ್ಲಿ ನನಗೇನೂ ಬೇಜಾರಿಲ್ಲ.

3. ‘ಬೇಡ’ ಅಂದರೆ ಬೇಡವೇ.

ಮಧ್ಯಾಹ್ನ ಮೂರೂವರೆಗೆ ಕಾಫಿ-ಕೇಕಿಗೆ ಸಹೋದ್ಯೋಗಿಯೊಬ್ಬರು ಮನೆಗೆ ಕರೆದಿದ್ದರು. ಮೂರು ವಾರ ಮುಂಚೆಯೇ ತಾರೀಕು ಗೊತ್ತಾಗಿತ್ತು. ನಾನು ಜೊತೆಗೆ ಇನ್ನೊಬ್ಬ ಗೆಳೆಯನನ್ನು ಕರೆದುಕೊಂಡು ನಾಲ್ಕೂ ಕಾಲಿಗೆ ಹೋದೆ. ನಮ್ಮಲ್ಲಿ ಒಬ್ಬರನ್ನು ಕರೆದರೆ ಇಬ್ಬರು ಹೋಗುವುದು ವಿಶೇಷವೇ ಅಲ್ಲ. ಒಂದು ಹಿಡಿ ಮಂಡಕ್ಕಿ ಜಾಸ್ತಿ ಕಲಸಿದರಾಯಿತು. ಇಲ್ಲಿ ಮೇಜಿನ ಮೇಲೆ ತಲೆಗೊಂದು ತಟ್ಟೆ, ತಟ್ಟೆಗೊಂದು ಮುಳ್ಳುಚಮಚ, ಮಡಿಸಿಟ್ಟ ಕರವಸ್ತ್ರ. ಮನೆಯಾಕೆ ಎದ್ದು ಇನ್ನೊಂದು ಕುರ್ಚಿ ತರಲು ನೆಲಮಾಳಿಗೆಗೆ ಇಳಿದರು.

ಕೇಕ್ ಬೇಕೇ ಎಂದು ಕೇಳಿದರು. ನಾನು ಮೊದಲ ಸಲಕ್ಕೆ ‘ಬೇಡ, ಬೇಡ’ ಅಂದೆ. ಊರಲ್ಲಿ ಹಾಗೆ ಅಂದರೇ ಮರ್ಯಾದೆ. ನಾವು ಎಲೆಯ ಮೇಲೆ ಕೈ ಅಡ್ಡ ಹಿಡಿಯಬೇಕು, ಅವರು ಕೈ ಸರಿಸಿ ಬಡಿಸಬೇಕು. ಇವರು ‘ಸರಿ’ ಎಂದು ತಟ್ಟೆ ಮುಂದಕ್ಕೆ ದಾಟಿಸಿಬಿಟ್ಟರು. ಚೆರ್ರಿ ಹಾಕಿದ ಆ ಕೇಕನ್ನು ನನ್ನ ಜೊತೆ ಬಂದಿದ್ದ ಗೆಳೆಯ, ಕರೆಯದೇ ಬಂದವನು, ಎರಡು ತುಂಡು ತಿಂದ. ಇವರಿಗೆ ಪ್ರೀತಿಯಿಲ್ಲ ಎಂದು ಮನೆಗೆ ಬಂದು ಗೊಣಗಿದೆ. ಈಗ ನನಗೆ ಅನಿಸುವುದು ಬೇರೆ: ನನ್ನ ಮಾತನ್ನು ಅವರು ನಂಬಿದ್ದರು, ಅಷ್ಟೇ. ಆದರೂ ಒಂದು ಮಾತು. ಬಲವಂತ ಮಾಡಿ ಬಡಿಸುವವರು ಯಾರೂ ಇಲ್ಲದ ಊಟ ನನಗೆ ಇವತ್ತಿಗೂ ಅರ್ಧ ಊಟವೇ.

4. ಹುಟ್ಟುಹಬ್ಬದ ಶುಭಾಶಯ ಒಂದು ದಿನವೂ ಮುಂಚೆ ಬೇಡ.

ತಂಡದ ಹಿರಿಯರೊಬ್ಬರ ಹುಟ್ಟುಹಬ್ಬ ಭಾನುವಾರ ಬಿದ್ದಿತ್ತು. ಶುಕ್ರವಾರವೇ ಕೈಕುಲುಕಿ ಹಾರೈಸಿದೆ. ಅವರ ಮುಖ ಸಪ್ಪಗಾಯಿತು. ಮುಂಚಿತವಾಗಿ ಹೇಳುವುದು ಅಪಶಕುನವಂತೆ! ಎಲ್ಲಕ್ಕೂ ಲೆಕ್ಕ, ಯಂತ್ರ, ತರ್ಕ ಅನ್ನುವ ಎಂಜಿನಿಯರುಗಳ ಮಧ್ಯೆ ನನಗೆ ಸಿಕ್ಕ ಮೊದಲ ಶಕುನ ಇದು. ಊರಿನ ನೆನಪಾಗಿ ಒಳಗೊಳಗೇ ಖುಷಿಯೂ ಆಯಿತು. ನನ್ನ ಹುಟ್ಟುಹಬ್ಬದ ದಿನ ಕೇಕ್ ಯಾರು ತರುತ್ತಾರೋ ಎಂದು ಸಂಜೆವರೆಗೆ ಕಾದೆ. ಅವರೂ ಕಾದರು. ಹುಟ್ಟಿದವನೇ ತರಬೇಕು.

5. ಬಾಟಲಿ ಅಪ್ಪಚ್ಚಿ ಮಾಡಬೇಡಿ.

ಕುಡಿದ ಮೇಲೆ ಪ್ಲಾಸ್ಟಿಕ್ ಬಾಟಲಿ ತುಳಿದು ಎಸೆಯುವುದು ನಮ್ಮ ಒಳ್ಳೆಯ ಅಭ್ಯಾಸ. ಇಲ್ಲಿ ಬಾಟಲಿಗೆ 25 ಸೆಂಟ್ ಠೇವಣಿ. ಅಂಗಡಿಯ ಯಂತ್ರಕ್ಕೆ ಹಾಕಿದರೆ ವಾಪಸ್ಸು. ತುಳಿದದ್ದನ್ನು ಯಂತ್ರ ಓದುವುದಿಲ್ಲ. ನಾನು ಒಂದು ಚೀಲ ತುಂಬ ಒಯ್ದು, ಹಿಂದೆ ಸಾಲು ಬೆಳೆಯುತ್ತಿರುವಾಗ, ಒಂದೊಂದನ್ನೇ ಊದಿ ಆಕಾರಕ್ಕೆ ತರಲು ನೋಡಿದವನು.

6. ಅವರೂ ಕಾರಣ ಕೇಳುತ್ತಾರೆ, ತಯಾರಾಗಿರಿ.

ನಡುರಾತ್ರಿ, ಖಾಲಿ ರಸ್ತೆ, ಕೆಂಪು ದೀಪ. ಜೊತೆಗಿದ್ದ ಜರ್ಮನ್ ಗೆಳೆಯ ಅಲ್ಲಾಡದೆ ನಿಂತಿದ್ದ. ದಂಡ 5 ಯೂರೋ ಅಷ್ಟೇ, ದಾಟೋಣ ಬಾ ಅಂದೆ. ಮಕ್ಕಳು ನೋಡಿ ಕಲಿಯುತ್ತಾರೆ ಅಂದ. ಈ ಹೊತ್ತಿನಲ್ಲಿ ಯಾವ ಮಕ್ಕಳಪ್ಪಾ ಎಂದು ಚೆನ್ನಾಗಿ ಗೇಲಿ ಮಾಡಿದೆ. ಆಮೇಲೊಂದು ದಿನ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಯ ವಿಡಿಯೋ ತೋರಿಸುತ್ತಿದ್ದಾಗ, ಭಕ್ತರು ಕೊಬ್ಬರಿ ಸುಡುವುದನ್ನು ನೋಡಿ ಅವನು ಕೇಳಿದ: ಯಾಕೆ ಸುಡುತ್ತಾರೆ? ಹರಕೆ ಅಂದೆ. ಕೊಬ್ಬರಿಯೇ ಯಾಕೆ? ನನಗೆ ಬಾಯಿ ಕಟ್ಟಿತು. ಅಪ್ಪನಿಗೆ ಫೋನ್ ಹಚ್ಚಿದೆ.

“ಯಾಕೆ ಅಂದ್ರೆ? ನಿಮ್ಮಜ್ಜ ಸುಡ್ತಿದ್ದ, ನಾನು ಸುಡ್ತೀನಿ. ನೀನೇ ತಪ್ಪಿಸ್ತಾ ಇರೋದು. ಈ ಸಲ ರಜ ಹಾಕ್ತೀಯೋ ಇಲ್ವೋ ಅದು ಹೇಳು.”

ಗೆಳೆಯನಿಗೆ ನಾನು ಅನುವಾದಿಸಿದ್ದು ಮೊದಲ ಅರ್ಧ ಮಾತ್ರ. ಅವನೂ ಜಾತ್ರೆಗೆ ಬರುತ್ತಾನಂತೆ. ಮುಂದಿನ ವರ್ಷದ ತೇರಿನ ತಾರೀಕು ಈಗಲೇ ಬೇಕು, ರಜ ಬರೆಸಬೇಕು ಎಂದು ಬೆನ್ನುಬಿದ್ದಿದ್ದಾನೆ. ಹೊಸ ಪಂಚಾಂಗ ಬರಲಿ ಅಂದಿದ್ದೇನೆ.