ವಿದ್ಯಾರ್ಥಿವೇತನದ ಕರೆಯೂ ಕಾಲೇಜಿನ ಪ್ರವೇಶವೂ

ವಾರಾಣಸಿಯ ದಕ್ಷಿಣ ಭಾಗದಲ್ಲಿ ಲಂಕಾ ಎಂಬ ಬಡಾವಣೆಯಿದೆ. ರಾಮಲೀಲೆಯ ಲಂಕಾ ಪ್ರಸಂಗವನ್ನು ಇಲ್ಲಿ ಆಡುತ್ತಿದ್ದುದರಿಂದ ಈ ಹೆಸರು ಬಂದಿತೆಂದು ಪ್ರತೀತಿ. ಕಾಶೀ ಹಿಂದೂ ವಿಶ್ವವಿದ್ಯಾನಿಲಯದ ಸಿಂಹದ್ವಾರವಿರುವುದು ಇಲ್ಲಿಯೇ. 1916ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ಪ್ರಥಮ ಕುಲಾಧಿಪತಿಗಳು ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಾಗಿದ್ದುದರಿಂದ ಕನ್ನಡಿಗರಿಗೆ ಈ ಬಾಗಿಲು ತೀರ ಹೊಸತೇನೂ ಅಲ್ಲ.

ಧಾರವಾಡದಲ್ಲಿಯೋ ಮೈಸೂರಿನಲ್ಲಿಯೋ ಪದವಿ ತರಗತಿಗೆ ಸೇರಿ ಒಂದು ವರ್ಷ ಕಳೆದ ವಿದ್ಯಾರ್ಥಿಯು ಅಲ್ಲಿಂದ ಕಾಶಿಗೆ ಬರಲು ಬಯಸಿ ಅರ್ಜಿ ಹಾಕಿದ್ದಾನೆಂದು ಭಾವಿಸೋಣ. ಫಲಿತಾಂಶಕ್ಕೆ ಮೊದಲೇ, ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸಬಹುದೆಂದು ತಿಳಿಸುವ ಪತ್ರವೊಂದು ಮನೆಗೆ ಬರುತ್ತದೆ. ಸೀಟು ದೊರೆತಂತೆಯೇ ಎಂದು ಮನೆಯವರು ಹಿಗ್ಗುತ್ತಾರೆ. ಈ ಊಹೆಗೆ ಆಧಾರವಿದೆಯೇ ಎಂಬುದು ಪ್ರಶ್ನೆ.

ಇಂತಹ ಪತ್ರವನ್ನು ಕಳುಹಿಸಿದವರು ಯಾರು, ಯಾವ ಪಟ್ಟಿಯನ್ನು ನೋಡಿ ಕಳುಹಿಸಿದರು ಎಂಬುದನ್ನು ಮೊದಲು ವಿಚಾರಿಸಬೇಕು. ಭಾರತ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು 2008ರಲ್ಲಿ ಆರಂಭಿಸಿದ ಇನ್‌ಸ್ಪೈರ್ ಯೋಜನೆ ಇದಕ್ಕೆ ಒಳ್ಳೆಯ ನಿದರ್ಶನ. ಹನ್ನೆರಡನೆಯ ತರಗತಿಯಲ್ಲಿ ತಮ್ಮ ಮಂಡಳಿಯ ಮೇಲಿನ ಶೇಕಡಾ 1ರೊಳಗೆ ಬಂದವರಿಗೆ ಪರೀಕ್ಷಾ ಮಂಡಳಿಯು ಅರ್ಹತಾ ಸೂಚನೆಯನ್ನು ನೀಡುತ್ತದೆ. ಅಂಥವರು ಅದೇ ವರ್ಷ ಮೂಲವಿಜ್ಞಾನದ ಪದವಿಗೆ ಸೇರಿದ ಮೇಲೆ ಅರ್ಜಿ ಹಾಕಿ ಆಯ್ಕೆಯಾದರೆ ವರ್ಷಕ್ಕೆ 80,000 ರೂಪಾಯಿಗಳ ನೆರವು ನಿಗದಿಯಾಗಿದೆ. ಸೂಚನೆ ನೀಡುವ ಮಂಡಳಿಗೆ ಕಾಶಿಯಲ್ಲಿ ಯಾರ ಅರ್ಜಿ ಯಾವ ಹಂತದಲ್ಲಿದೆ ಎಂಬುದು ಗೊತ್ತಿರುವುದಿಲ್ಲ. ಅದು ನೋಡುವುದು ಅಂಕಗಳನ್ನು ಮಾತ್ರ. ಆದುದರಿಂದ ಆ ಕಾಗದವು ವಿದ್ಯಾರ್ಥಿಯ ಹಿಂದಿನ ಸಾಧನೆಗೆ ಸಾಕ್ಷಿಯೇ ಹೊರತು ಮುಂದಿನ ಪ್ರವೇಶಕ್ಕೆ ಸುಳಿವಲ್ಲ.

ಕಾಲೇಜು ಮತ್ತು ವಿಶ್ವವಿದ್ಯಾನಿಲಯ ವಿದ್ಯಾರ್ಥಿಗಳಿಗಾಗಿ ಕೇಂದ್ರ ಶಿಕ್ಷಣ ಸಚಿವಾಲಯವು ನಡೆಸುವ ವೇತನ ಯೋಜನೆಯಲ್ಲಿ ಕ್ರಮವು ಇನ್ನೂ ಸ್ಪಷ್ಟ. ಕುಟುಂಬದ ವಾರ್ಷಿಕ ವರಮಾನ ನಾಲ್ಕೂವರೆ ಲಕ್ಷ ರೂಪಾಯಿಗಳನ್ನು ಮೀರದ ಪ್ರತಿಭಾವಂತರಿಗೆ ಇದು ಮೀಸಲು. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಸಲ್ಲಿಸಿದ ಅರ್ಜಿಯನ್ನು ವಿದ್ಯಾರ್ಥಿಯು ಸೇರಿರುವ ಸಂಸ್ಥೆಯೇ ಮೊದಲು ಪರಿಶೀಲಿಸಿ ದೃಢೀಕರಿಸಬೇಕು. ಸೇರದವನನ್ನು ಯಾವ ಸಂಸ್ಥೆಯೂ ತನ್ನವನೆಂದು ದೃಢೀಕರಿಸಲಾರದು. ಇಲ್ಲಿ ವೇತನವು ಪ್ರವೇಶದ ನೆರಳು. ನೆರಳು ಮುಂದೆ ಬಂದು ವಸ್ತು ಹಿಂದೆ ಬರುವ ಸಂಭವವಿಲ್ಲ.

ಅಮೆರಿಕದ ರೀತಿ ಬೇರೆ. ಅಲ್ಲಿ ವಿಶ್ವವಿದ್ಯಾನಿಲಯವೇ ತನ್ನ ನಿಧಿಯಿಂದ ವೇತನ ನೀಡುವುದುಂಟು. ಕೆಲವೆಡೆ ಪ್ರವೇಶ ಪಡೆದವರನ್ನಷ್ಟೇ ವೇತನಕ್ಕೆ ಕರೆಯುತ್ತಾರೆ. ಕೆಲವೆಡೆ ಅರ್ಜಿ ಹಾಕಿದ ಎಲ್ಲರಿಗೂ, ಇಲ್ಲವೇ ನಿಗದಿತ ಅಂಕವುಳ್ಳ ಎಲ್ಲರಿಗೂ ಒಂದೇ ಒಕ್ಕಣೆಯ ಪತ್ರ ಹೋಗುತ್ತದೆ. ಮೊದಲನೆಯದರಲ್ಲಿ ಸುಳಿವಿದೆ, ಎರಡನೆಯದರಲ್ಲಿಲ್ಲ. ಪತ್ರದ ಆದರದ ಮಾತುಗಳಿಂದ ಈ ಭೇದ ತಿಳಿಯದು. ಆ ಸಂಸ್ಥೆಯ ಪ್ರಕಟಿತ ನಿಯಮಗಳನ್ನೇ ಓದಬೇಕು.

ಕಾಶಿಯ ಸೀಟಿನ ನಿರ್ಣಯವಾಗುವುದು ಬೇರೊಂದು ದಾರಿಯಲ್ಲಿ. ಸ್ನಾತಕ ತರಗತಿಗಳ ಪ್ರವೇಶಕ್ಕೆ 2022ರಿಂದ ಕೇಂದ್ರೀಯ ವಿಶ್ವವಿದ್ಯಾನಿಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆಯ ಅಂಕಗಳು ಆಧಾರವಾಗಿವೆ. ಈ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಲು ಅವಕಾಶವಿದೆ. ಈ ದಾರಿಯಿಂದ ಬರುವವನು ಮೊದಲ ವರ್ಷದಿಂದಲೇ ಆರಂಭಿಸಬೇಕಾಗುತ್ತದೆ. 2021ರಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ರೂಪಿಸಿದ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕ್, ಹಿಂದಿನ ಕಾಲೇಜಿನಲ್ಲಿ ಗಳಿಸಿದ ಕ್ರೆಡಿಟ್‌ಗಳನ್ನು ಕೂಡಿಡುತ್ತದೆ. ಆದರೆ ಕೂಡಿಟ್ಟ ಕ್ರೆಡಿಟ್ ಬೇರೆ, ತೆರವಾಗಿರುವ ಸೀಟು ಬೇರೆ.

ಹೀಗಿರುವಾಗ ವೇತನದ ಪತ್ರವನ್ನು ನಂಬಿ ಈಗಿರುವ ಕಾಲೇಜಿನಿಂದ ವರ್ಗಾವಣೆ ಪತ್ರವನ್ನು ಪಡೆದುಕೊಂಡರೆ ಎರಡೂ ಕಡೆ ನೆಲೆ ತಪ್ಪುವ ಅಪಾಯವಿದೆ. ಹೊಸ ಸಂಸ್ಥೆಯಿಂದ ಲಿಖಿತ ಪ್ರವೇಶಾದೇಶ ಬರುವವರೆಗೆ ಹಳೆಯ ಸೀಟನ್ನು ಬಿಡಬಾರದು. ಪರಿಶಿಷ್ಟ ಜಾತಿಗಳ ವಿದ್ಯಾರ್ಥಿಗಳು ಇನ್ನೊಂದು ವಿಷಯವನ್ನು ಗಮನಿಸುವುದು ಅಗತ್ಯ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ಅವರು ಹೊರರಾಜ್ಯದಲ್ಲಿ ಓದಿದರೂ ಸ್ವಂತ ರಾಜ್ಯವೇ ನೀಡುತ್ತದೆ. ವ್ಯಾಸಂಗದ ನಡುವೆ ರಾಜ್ಯ ಸರ್ಕಾರದ ಪೂರ್ವಾನುಮತಿಯಿಲ್ಲದೆ ಸಂಸ್ಥೆಯನ್ನಾಗಲಿ ವಿಷಯವನ್ನಾಗಲಿ ಬದಲಿಸಿದರೆ ಆ ವೇತನ ರದ್ದಾಗಬಹುದು. ಅನುಮತಿಗಾಗಿ ಬರೆಯುವ ಮನವಿಯು ಕಾಶಿಯ ರೈಲು ಹತ್ತುವ ಮೊದಲೇ ಸಂಬಂಧಿಸಿದ ಇಲಾಖೆಯ ಕಚೇರಿಯನ್ನು ತಲಪಿರಬೇಕು. ಅದಕ್ಕೆ ದೊರೆತ ಸ್ವೀಕೃತಿಯ ಪ್ರತಿಯನ್ನು ವಿದ್ಯಾರ್ಥಿಯು ತನ್ನ ಬಳಿ ಇಟ್ಟುಕೊಳ್ಳತಕ್ಕದ್ದು.