ಎಎಂಎಚ್ ನೋಡುವ ಮೊದಲು ವಯಸ್ಸು ನೋಡಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದಿಂದ ಮಕ್ಕಳಿಗಾಗಿ ಬೆಳಗಾವಿ, ಹುಬ್ಬಳ್ಳಿಯ ಬಂಜೆತನ ಚಿಕಿತ್ಸೆಯ ಕೇಂದ್ರಗಳಿಗೆ ಹೋಗುವವರ ಕೈಯಲ್ಲಿ ಈಗ ಒಂದು ಲ್ಯಾಬ್ ವರದಿ ಇದ್ದೇ ಇರುತ್ತದೆ. ಅದರಲ್ಲಿ ಎಎಂಎಚ್ ಎಂಬ, ಉಳಿದ ಅಂಡಾಣುಗಳ ಅಂದಾಜು ಕೊಡುವ ಒಂದು ಅಂಕಿಯ ಸುತ್ತ ಪೆನ್ನಿನ ಗೆರೆ. "0.8 ಬಂದೈತ್ರಿ, ಮುಗೀತಂತ್ರಿ ನಂದು" ಎಂದು 27ರ ಸೊಸೆ ಅಳುತ್ತಾಳೆ. "ನಂದು 3 ಐತ್ರಿ, ಇನ್ನೊಂದ್ ವರ್ಷ ತಡದ್ರ ಏನಾಕ್ಕೈತಿ?" ಎಂದು 40ರ ಹೆಂಗಸು ನೆಮ್ಮದಿಯಾಗಿ ಕೂತಿರುತ್ತಾಳೆ. ಇಬ್ಬರ ಲೆಕ್ಕವೂ ತಪ್ಪು. ಅವಸರ ಮಾಡಬೇಕಾದವಳು ಎರಡನೆಯವಳು.

ಹಿನ್ನೆಲೆ ಇಷ್ಟೇ. ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಶಯದಲ್ಲಿ 10ರಿಂದ 20 ಲಕ್ಷ ಅಂಡಾಣು ಇರುತ್ತವೆ. ಮೈನೆರೆಯುವ ಹೊತ್ತಿಗೆ ಮೂರ್ನಾಲ್ಕು ಲಕ್ಷ ಉಳಿಯುತ್ತವೆ. ಇಡೀ ಜೀವನದಲ್ಲಿ ಬಲಿತು ಹೊರಬರುವುದು 400–500 ಮಾತ್ರ, ಉಳಿದವು ತಾವಾಗಿಯೇ ಕರಗುತ್ತವೆ. ಹೊಸದು ಹುಟ್ಟುವುದಿಲ್ಲ. ಮೂವತ್ತರ ಆಸುಪಾಸಿನಲ್ಲಿ ತಿಂಗಳಿಗೆ ನೂರಕ್ಕೆ ಇಪ್ಪತ್ತರಷ್ಟಿರುವ ಬಸಿರಾಗುವ ಅವಕಾಶ ನಲವತ್ತಕ್ಕೆ ಐದರ ಹತ್ತಿರ ಇಳಿಯುತ್ತದೆ.

1. ಯಾವಾಗ ಹೋಗಬೇಕು

35ರೊಳಗಿದ್ದರೆ ಒಂದು ವರ್ಷ ಪ್ರಯತ್ನಿಸಿ ನೋಡಿ. 35 ದಾಟಿದ್ದರೆ ಆರು ತಿಂಗಳು ಸಾಕು. 40 ಆಗಿದ್ದರೆ ಕಾಯಲೇಬೇಡಿ. ಮುಟ್ಟು ಏರುಪೇರಾಗಿದ್ದರೆ, ಹಿಂದೆ ಕ್ಷಯ ಬಂದಿದ್ದರೆ, ಅಂಡಾಶಯದ ಗಡ್ಡೆ ತೆಗೆಸಿದ್ದರೆ ಯಾವ ವಯಸ್ಸಾದರೂ ಬೇಗ ತೋರಿಸಿ.

ನಮ್ಮ ಕಡೆ ಕಾಲ ಕಳೆಯುವುದು ಹೇಗೆಂದು ದೊಡವಾಡದಂಥ ಊರಿನವರಿಗೆ ಹೇಳಿಕೊಡಬೇಕಿಲ್ಲ. ಮೊದಲು ಎಲ್ಲಮ್ಮನಿಗೆ ಹರಕೆ, ಆಮೇಲೆ ನಾಟಿ ಔಷಧಿ, ಆಮೇಲೆ "ಕಬ್ಬಿನ ಬಿಲ್ ಬರಲಿ ತಡೀರಿ". ಹರಕೆ ಹೊರಬೇಡಿ ಎನ್ನುವುದಿಲ್ಲ. ಹರಕೆ ಹೊತ್ತ ವಾರವೇ ವೈದ್ಯರನ್ನೂ ಕಾಣಿ. 26ರಲ್ಲಿ ಒಂದು ಹಂಗಾಮು ಕಾದರೆ ಹೆಚ್ಚೇನೂ ನಷ್ಟವಿಲ್ಲ. 38ರಲ್ಲಿ ಅದೇ ಹಂಗಾಮು ಬಹಳ ದುಬಾರಿ.

2. ಮೊದಲ ಪರೀಕ್ಷೆ ಗಂಡನದು

ವೀರ್ಯ ಪರೀಕ್ಷೆ ಅಗ್ಗದ್ದು, ಸುಲಭದ್ದು. ಆದರೂ ಅದನ್ನೇ ಕೊನೆಗೆ ಮಾಡಿಸುತ್ತಾರೆ. ಎರಡರಿಂದ ಏಳು ದಿನ ಸಂಪರ್ಕ ಬಿಟ್ಟು, ಮಾದರಿಯನ್ನು ಲ್ಯಾಬಿನಲ್ಲೇ ಕೊಡಿ. ಮನೆಯಿಂದ ಡಬ್ಬಿಯಲ್ಲಿ ಬಸ್ಸಿನಲ್ಲಿ ಒಯ್ದರೆ ಒಂದು ತಾಸು ಮೀರಿ ಫಲಿತಾಂಶ ಕೆಡುತ್ತದೆ. ಗಂಡನ ವರದಿ ಬರುವ ಮೊದಲೇ ಹೆಂಡತಿಗೆ ವರ್ಷಗಟ್ಟಲೆ ಗುಳಿಗೆ ನುಂಗಿಸುವುದು ಅನ್ಯಾಯ.

3. ಹೆಂಡತಿಯ ಪರೀಕ್ಷೆಗಳು

ಮುಟ್ಟಿನ ಎರಡನೇ ಅಥವಾ ಮೂರನೇ ದಿನ ಎಫ್‌ಎಸ್‌ಎಚ್ ಮತ್ತು ಈಸ್ಟ್ರಡೈಯಾಲ್ ರಕ್ತ ಪರೀಕ್ಷೆ. ಅದೇ ದಿನಗಳಲ್ಲಿ ಯೋನಿಮಾರ್ಗದ ಸ್ಕ್ಯಾನಿಂಗ್. ಎರಡೂ ಅಂಡಾಶಯಗಳಲ್ಲಿನ, ಅಂಡಾಣು ಇರುವ ಸಣ್ಣ ಕೋಶಕಗಳನ್ನು ಎಣಿಸಿ ಬರೆಯಲು ಹೇಳಿ. ಎಎಂಎಚ್ ಯಾವ ದಿನವಾದರೂ ಆದೀತು, ಉಪವಾಸ ಬೇಡ. ಜೊತೆಗೆ ಥೈರಾಯ್ಡ್. ಗರ್ಭನಳಿಕೆ ತೆರೆದಿದೆಯೇ ನೋಡುವ ಎಕ್ಸ್-ರೇ ಆ ತಿಂಗಳ ಮುಟ್ಟಿನ ಸ್ರಾವ ನಿಂತ ಮೇಲೆ.

4. ವರದಿ ಓದುವುದು: ಎಲ್ಲರೂ ಎಡವುವುದು ಇಲ್ಲೇ

ಎಎಂಎಚ್ ಎಂಬುದು ಅಂಡಾಶಯದ ಸಣ್ಣ ಕೋಶಕಗಳಿಂದ ಬರುವ ಹಾರ್ಮೋನು. ಅದು ಹೇಳುವುದು ಎಷ್ಟು ಉಳಿದಿವೆ ಎಂಬ ಅಂದಾಜು. ಹೇಗಿವೆ ಎಂಬುದನ್ನು ಅದು ಹೇಳುವುದಿಲ್ಲ. ಬಿತ್ತುವ ಮೊದಲು ರೈತ ಚೀಲದ ತೂಕವನ್ನಷ್ಟೇ ನೋಡುವುದಿಲ್ಲ, ಒಂದು ಹಿಡಿ ಬೀಜ ನೆನೆಸಿ ಎಷ್ಟು ಮೊಳಕೆ ಬಂತೆಂದೂ ನೋಡುತ್ತಾನೆ. ಎಎಂಎಚ್ ಚೀಲದ ತೂಕ. ಮೊಳಕೆಯ ಲೆಕ್ಕ ಹೇಳುವುದು ವಯಸ್ಸು. ವಯಸ್ಸಾದಂತೆ ಅಂಡಾಣುವಿನಲ್ಲಿ ವರ್ಣತಂತುಗಳು ಸರಿಯಾಗಿ ಪಾಲಾಗುವುದು ತಪ್ಪುತ್ತದೆ. ಹಾಗಾದಾಗ ಹೆಚ್ಚಾಗಿ ಭ್ರೂಣ ನಿಲ್ಲುವುದಿಲ್ಲ, ನಿಂತರೂ ಬಹಳ ಸಲ ಗರ್ಭಪಾತವಾಗುತ್ತದೆ. ನಲವತ್ತು ದಾಟಿದವರಲ್ಲಿ ಸುಮಾರು ಮೂರು ಬಸಿರಿನಲ್ಲಿ ಒಂದು ಉಳಿಯುವುದಿಲ್ಲ. ಡೌನ್ ಸಿಂಡ್ರೋಮ್ ಇರುವ ಮಗು ಹುಟ್ಟುವ ಸಾಧ್ಯತೆ 25ರಲ್ಲಿ ಸಾವಿರಕ್ಕೂ ಹೆಚ್ಚು ಹೆರಿಗೆಗಳಲ್ಲಿ ಒಂದಿದ್ದರೆ, 40ರಲ್ಲಿ ನೂರರಲ್ಲಿ ಒಂದರಷ್ಟು.

ಅಂಡಾಣು ಹೊರತೆಗೆದು ಲ್ಯಾಬಿನಲ್ಲಿ ಭ್ರೂಣ ಮಾಡುವ ಐವಿಎಫ್‌ನಲ್ಲಿ ಎಎಂಎಚ್ 1.2ಕ್ಕಿಂತ ಕಡಿಮೆ ಅಥವಾ ಕೋಶಕಗಳ ಎಣಿಕೆ ಐದಕ್ಕಿಂತ ಕಡಿಮೆ ಇದ್ದವರನ್ನು 'ಸಂಗ್ರಹ ಕಡಿಮೆ' ಎಂಬ ಗುಂಪಿಗೆ ಸೇರಿಸುವ ರೂಢಿ 2016ರಿಂದ ಇದೆ. ಆದರೆ ಅದೇ ವರ್ಗೀಕರಣ ಆ ಗುಂಪನ್ನು 35ರ ಒಳಗಿನವರು, 35 ಮತ್ತು ಮೇಲಿನವರು ಎಂದು ಮತ್ತೆ ಎರಡಾಗಿ ಒಡೆಯುತ್ತದೆ. 27ರವಳಿಗೆ ಅಂಡಾಣು ಬಲಿಸುವ ಇಂಜೆಕ್ಷನ್ ಕೊಟ್ಟಾಗ ನಾಲ್ಕೇ ಅಂಡಾಣು ಸಿಗಬಹುದು, ಆದರೆ ಆ ನಾಲ್ಕರಲ್ಲಿ ಒಳ್ಳೆಯವು ಇರುವ ಸಂಭವ ಹೆಚ್ಚು. 41ರವಳಿಗೆ ಹತ್ತು ಸಿಕ್ಕರೂ ಬಹುಪಾಲು ಕೆಟ್ಟಿರಬಹುದು.

ಚಿಕಿತ್ಸೆ ಇಲ್ಲದೆ ತಾನಾಗಿ ಬಸಿರಾಗುವ ಮಾತಿಗೆ ಬಂದರೆ ಎಎಂಎಚ್ ಇನ್ನೂ ಕಡಿಮೆ ಕೆಲಸದ್ದು. ಬಂಜೆತನದ ತೊಂದರೆ ಹಿಂದೆ ಇರದಿದ್ದ, 30ರಿಂದ 44 ವಯಸ್ಸಿನ ಮಹಿಳೆಯರನ್ನು ಗಮನಿಸಿದ ಒಂದು ಅಧ್ಯಯನ ಅಮೆರಿಕದ 'ಜಾಮಾ' ಪತ್ರಿಕೆಯಲ್ಲಿ 2017ರಲ್ಲಿ ಪ್ರಕಟವಾಯಿತು. ಅದರಲ್ಲಿ ಎಎಂಎಚ್ ಕಡಿಮೆ ಇದ್ದವರೂ ಸರಿ ಇದ್ದವರಷ್ಟೇ ಬಸಿರಾದರು. ಹೀಗಿರುವಾಗ ಮದುವೆಯಾಗಿ ಆರು ತಿಂಗಳಾದ 24ರ ಹುಡುಗಿಗೆ ಎಎಂಎಚ್ ಮಾಡಿಸಿ ಬೀಗರ ಮುಂದೆ ಓದಿ ಹೇಳುವುದು ನನ್ನ ಪ್ರಕಾರ ಕ್ರೌರ್ಯ.

ಇನ್ನು ಅಳತೆಯ ಗೊಂದಲ. ಕೆಲವು ಲ್ಯಾಬ್‌ಗಳು ನ್ಯಾನೋಗ್ರಾಂ ಲೆಕ್ಕದಲ್ಲಿ ಬರೆಯುತ್ತವೆ, ಕೆಲವು ಪಿಕೋಮೋಲ್ ಲೆಕ್ಕದಲ್ಲಿ. ಮೊದಲಿನದರ 1 ಎರಡನೆಯದರ 7.14ಕ್ಕೆ ಸಮ. ಒಂದರಲ್ಲಿ 0.8, ಇನ್ನೊಂದರಲ್ಲಿ 5.7 ಬಂತೆಂದು "ಗುಳಿಗಿ ತಗೊಂಡ್ ಏರೇತ್ರಿ" ಎಂದು ಹಿಗ್ಗಿದವರಿದ್ದಾರೆ. ಎರಡೂ ಒಂದೇ. ಗರ್ಭನಿರೋಧಕ ಮಾತ್ರೆ ನುಂಗುತ್ತಿರುವಾಗ ಎಎಂಎಚ್ ಕಡಿಮೆ ತೋರಿಸುತ್ತದೆ. ಪಿಸಿಒಡಿ ಇದ್ದವರಲ್ಲಿ ಹೆಚ್ಚು ತೋರಿಸುತ್ತದೆ. ಅಂಕಿ ದೊಡ್ಡದೆಂದು ತಿಂಗಳು ತಿಂಗಳು ಅಂಡಾಣು ಹೊರಬರುತ್ತಿದೆ ಎಂದಲ್ಲ.

ಇನ್ನೊಂದು ಮಾತು. 2019ರ ಸೆಪ್ಟೆಂಬರ್‌ನಲ್ಲಿ ಗುಂಟೂರಿನಲ್ಲಿ 74 ವರ್ಷದವರೆಂದು ವರದಿಯಾದ ಮಹಿಳೆ ಅವಳಿ ಹೆತ್ತ ಸುದ್ದಿ ಮನೆಮನೆಗೂ ಬಂತು. ಅದನ್ನು ನೋಡಿ "ವಯಸ್ಸಿಗೇನೈತಿ" ಎನ್ನುವವರು ಗಮನಿಸಬೇಕಾದ್ದು: ಆ ಅಂಡಾಣು ಬೇರೊಬ್ಬ ಕಿರಿಯ ಮಹಿಳೆ ದಾನ ಕೊಟ್ಟದ್ದು. ಗರ್ಭಕೋಶ ತಡೆದುಕೊಂಡೀತು, ಅಂಡಾಣು ತಡೆದುಕೊಳ್ಳುವುದಿಲ್ಲ.

5. ಕೇಂದ್ರದಲ್ಲಿ ಏನು ಕೇಳಬೇಕು

"70 ಪರ್ಸೆಂಟ್ ಸಕ್ಸಸ್" ಎಂಬ ಬೋರ್ಡನ್ನು ನಂಬಬೇಡಿ. ಹೀಗೆ ಕೇಳಿ: ನನ್ನ ವಯಸ್ಸಿನವರಲ್ಲಿ, ಸ್ವಂತ ಅಂಡಾಣುವಿನಿಂದ, ಇಂಜೆಕ್ಷನ್ ಶುರು ಮಾಡಿದ ನೂರು ಮಂದಿಯಲ್ಲಿ ಎಷ್ಟು ಜನ ಮಗು ಎತ್ತಿಕೊಂಡು ಮನೆಗೆ ಹೋದರು? ಟೆಸ್ಟ್ ಪಾಸಿಟಿವ್ ಬಂದವರ ಲೆಕ್ಕ ಬೇಡ. ಅಮೆರಿಕದ ಕೇಂದ್ರಗಳ ಒಟ್ಟು ಅಂಕಿಅಂಶದಲ್ಲಿ ಒಂದು ಸಲ ತೆಗೆದ ಅಂಡಾಣುಗಳಿಂದ ಮಗು ಪಡೆಯುವವರು 35ರೊಳಗೆ ಸರಿಸುಮಾರು ಅರ್ಧದಷ್ಟು, 38–40ರಲ್ಲಿ ನಾಲ್ಕರಲ್ಲೊಬ್ಬರು, 42 ದಾಟಿದ ಮೇಲೆ ನೂರಕ್ಕೆ ಐದರೊಳಗೆ. ನಿಮಗೆ ಹೇಳುವ ಲೆಕ್ಕ ಇದಕ್ಕಿಂತ ಬಹಳ ಮೇಲಿದ್ದರೆ ಹೇಗೆಂದು ಕೇಳಿ.

ಬಂಜೆತನ ಚಿಕಿತ್ಸಾ ಕೇಂದ್ರಗಳಿಗಾಗಿ ಇರುವ ಎಆರ್‌ಟಿ ಕಾಯ್ದೆ 2021ರ ಪ್ರಕಾರ ಕೇಂದ್ರ ನೋಂದಣಿಯಾಗಿರಬೇಕು. ಒಂದನೇ ಹಂತದ ಕೇಂದ್ರ ಐಯುಐ (ವೀರ್ಯವನ್ನು ನೇರ ಗರ್ಭಕೋಶಕ್ಕೆ ಸೇರಿಸುವುದು) ಮಾತ್ರ ಮಾಡಬಹುದು, ಐವಿಎಫ್‌ಗೆ ಎರಡನೇ ಹಂತದ್ದೇ ಆಗಬೇಕು. ನೋಂದಣಿ ಪತ್ರ ತೋರಿಸಲು ಹೇಳಿ. ಖರ್ಚಿನ ಅಂದಾಜನ್ನು ಇಂಜೆಕ್ಷನ್ ಸೇರಿಸಿ ಬರೆದುಕೊಡಲು ಕೇಳಿ. ಆಯುಷ್ಮಾನ್ ಕಾರ್ಡಿನಲ್ಲಿ ಈ ಚಿಕಿತ್ಸೆ ಬರುವುದಿಲ್ಲ.

6. ಚಿಕಿತ್ಸೆಯ ದಿನಗಳು

ಇಂಜೆಕ್ಷನ್ ಹತ್ತು–ಹನ್ನೆರಡು ದಿನ, ನಡುನಡುವೆ ಸ್ಕ್ಯಾನಿಂಗ್. ದಿನಾ ಬಸ್ಸಿನ ಓಡಾಟ ಬೇಡ, ಪೇಟೆಯಲ್ಲಿ ನೆಂಟರ ಮನೆ ನೋಡಿಕೊಳ್ಳಿ. ಫ್ರಿಜ್‌ನಲ್ಲಿಡಬೇಕಾದ ಇಂಜೆಕ್ಷನ್ ಒಯ್ಯುವಾಗ ಐಸ್ ಡಬ್ಬಿ ಇರಲಿ. ಕೊನೆಯ ಇಂಜೆಕ್ಷನ್ ಹೇಳಿದ ಗಂಟೆಗೇ ಆಗಬೇಕು, ಅದಾದ 34–36 ತಾಸಿಗೆ ಅಂಡಾಣು ತೆಗೆಯುತ್ತಾರೆ.

7. ಉಳಿದದ್ದು ಚುಟುಕಾಗಿ

ಗಂಡ ಗುಟ್ಕಾ, ಬೀಡಿ ಬಿಡಲಿ. ಹೆಂಡತಿ ಈಗಿನಿಂದಲೇ ಫೋಲಿಕ್ ಆಸಿಡ್ ಶುರು ಮಾಡಲಿ. ಎಎಂಎಚ್ ಏರಿಸುತ್ತೇವೆ ಎನ್ನುವ ಪುಡಿ, ಗುಳಿಗೆಗೆ ದುಡ್ಡು ಹಾಕಬೇಡಿ. ಕಾಯ್ದೆಯ ವಯೋಮಿತಿ ಹೆಣ್ಣಿಗೆ 50, ಗಂಡಿಗೆ 55. ದಾನಿ ಅಂಡಾಣು ಬಳಸುವುದಾದರೆ ದಾನಿ 23–35ರೊಳಗಿರಬೇಕು, ಜೀವನದಲ್ಲಿ ಒಮ್ಮೆ ಮಾತ್ರ ಕೊಡಬಹುದು. ಇಬ್ಬರೂ ಕೂತು ಮಾತಾಡಿ, ಓದಿ ನೋಡಿಯೇ ಸಹಿ ಹಾಕಿ. ಎಷ್ಟು ಸಲ ಪ್ರಯತ್ನಿಸಬೇಕು, ಎಷ್ಟು ದುಡ್ಡಿಗೆ ನಿಲ್ಲಿಸಬೇಕು ಎಂಬುದನ್ನು ಮೊದಲ ಇಂಜೆಕ್ಷನ್‌ಗೆ ಮುಂಚೆಯೇ ನಿರ್ಧರಿಸಿ. ಹೊಲ ಅಡವಿಟ್ಟ ಮೇಲಲ್ಲ.